ಒಗ್ಗರಣೆಯಿಲ್ಲದ ಸಾರು

ಟಿ. ದಾಸರಹಳ್ಳಿ
12 ಜೂನ್ 2006

ಪ್ರೀತಿಯ ನಲ್ಲಪ್ಪ ಮಾವನಿಗೆ ಶ್ಯಾಮಲಾಳ ನಮಸ್ಕಾರ.

ಕಾಗದದಲ್ಲಾದರೂ ಬಹುವಚನ ಹಾಕಬಾರದೇ ಎಂದು ಬೈಯಬೇಡ. ಹುಟ್ಟಿದಾಗಿನಿಂದ 'ನೀನು' ಅಂದವಳು, ಈಗ 'ನೀವು' ಅಂದರೆ ಯಾರಿಗೋ ಬರೆದ ಹಾಗಾಗುತ್ತದೆ.

ಮನೆಗೆ ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾಳೆ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ. ನಿನ್ನ ಬಾಡಿಗೆ ರೂಮಿನಲ್ಲಿದ್ದ ಬಸಲಿಂಗನನ್ನೇ ನಾನು ಮದುವೆಯಾದ ದಿನದಿಂದ ಹೀಗೇ. ಪೋಸ್ಟ್‌ಮ್ಯಾನ್ ಮರೆಪ್ಪಣ್ಣ ಇದನ್ನು ಮನೆಗೆ ತರದೆ ಅರಳಿಕಟ್ಟೆಯಲ್ಲೇ ನಿನ್ನ ಕೈಗೆ ಕೊಡುತ್ತಾನೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಒಂದು ಸುದ್ದಿ ಇದೆ. ನನಗೀಗ ಐದು ತಿಂಗಳು. ಅಮ್ಮನಿಗೆ ಹೇಳುವುದೋ ಬಿಡುವುದೋ, ನಿನಗೆ ಬಿಟ್ಟದ್ದು.

ಇನ್ನೊಂದು ಮಾತು. ಟೀವಿಯಲ್ಲಿ ಅಡುಗೆ ಮಾಡುವ ಶೆಫ್ ವರ್ಧನ್ ಇದ್ದಾನಲ್ಲ, ಅವನು 'ಹಬೆ' ಎಂಬ ಹೊಸ ಮಾಸಪತ್ರಿಕೆ ತಂದಿದ್ದಾನೆ. ಇಲ್ಲಿ ಬಸ್ ಸ್ಟಾಪಿನ ಅಂಗಡಿಯಲ್ಲಿ ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದಾರೆ. ನಮ್ಮ ಅತ್ತೆಗೆ ಅದರ ಮೇಲೆ ಕಣ್ಣು. ನಾನು ಮಾಡುವ ಸಾರು ಅವರಿಗೆ ಸಪ್ಪೆ, ಅವರ ಗದಗದ ಕಡೆಯ ಪಲ್ಯ ನನಗೆ ಖಾರ. ನಡುವೆ ಮೂರನೆಯವರ ಪುಸ್ತಕವೊಂದಿದ್ದರೆ ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ ಎನ್ನುತ್ತಾರೆ. "ಸುಮ್ಮ ರೊಕ್ಕ ಹಾಳು ಮಾಡೂದು ಬ್ಯಾಡ. ನಿಮ್ಮ ಸೋದರಮಾವ ದೊಡ್ಡ ಅಡಗಿಯವ್ರು ಅಂತೀಯಲ್ಲ, ಅವರ್ನ ಕೇಳು" ಅಂದರು. ಕೊಳ್ಳಬಹುದಾ ಮಾವ?

ನಿನ್ನ ಮಗಳಂಥವಳು,
ಶ್ಯಾಮಲಾ


ಪಟ್ಟಂದೂರು ಅಗ್ರಹಾರ
17-6-2006

ಚಿ. ಸೌ. ಶ್ಯಾಮಲಾಳಿಗೆ ಮಾವ ನಲ್ಲಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ನನ್ನ ಹೊಟ್ಟೆಯೊಂದನ್ನು ಬಿಟ್ಟು. ನಿನ್ನ ಕಾಗದದಲ್ಲಿ 'ಹಬೆ' ಎಂಬ ಎರಡಕ್ಷರ ಓದಿದಾಗಿನಿಂದ ಅದು ತೊಳಸುತ್ತಿದೆ.

ಮೊದಲು ಒಳ್ಳೆಯ ಮಾತು. ನಿನಗೆ ಐದು ತಿಂಗಳು ಎಂದು ಓದಿ ಕಟ್ಟೆಯ ಮೇಲಿದ್ದವರಿಗೆಲ್ಲ ಟೀ ಕುಡಿಸಿದೆ. ಯಾಕೆ ಅಂತ ಹೇಳಲಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ. ಬಸಲಿಂಗನಿಗೆ ರೂಮು ಕೊಟ್ಟವನು ನಾನೇ ಎಂಬ ಸಿಟ್ಟು ಅಕ್ಕನಿಗಿನ್ನೂ ಆರಿಲ್ಲ. ನನಗೆ ಮುದ್ದೆಯನ್ನು ಬಡಿಸುವುದಿಲ್ಲ, ಎಸೆಯುತ್ತಾಳೆ.

ಈಗ ಪತ್ರಿಕೆಯ ಮಾತು. ಕೊಳ್ಳಬೇಡ. ಅಂಗಡಿಯವನು ಸುಮ್ಮನೆ ಕೊಟ್ಟರೂ ಮುಟ್ಟಬೇಡ, ಮುಟ್ಟಿದರೆ ಕೈ ತೊಳೆದುಕೋ. ನಾನು ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದವನು. ಈ ಸೀಮೆಯ ಮದುವೆಗಳಲ್ಲಿ ನಾನು ಕೊಪ್ಪರಿಗೆಯ ಹತ್ತಿರ ನಿಂತು ಮೂಸಿ 'ಇಳಿಸಿ' ಅನ್ನುವವರೆಗೆ ಯಾರೂ ಸಾರು ಇಳಿಸುವುದಿಲ್ಲ. ಇಂಥ ನಾನು ಹೇಳುತ್ತಿದ್ದೇನೆ, ಕೇಳು. ಆ ಪತ್ರಿಕೆಯವರು ನಮ್ಮ ಮನೆಗೇ ಬಂದಿದ್ದರು.

ಮೇ ತಿಂಗಳಲ್ಲಿ ಎದುರುಮನೆಯ ದಾಸಪ್ಪ ತಾತ ತೀರಿಕೊಂಡ. ಗೋಡೆಗಳಿಲ್ಲದ ಕಾಲದಲ್ಲಿ ಐಟಿ ಪಾರ್ಕಿನ ಜಾಗದಲ್ಲಿ ರಾಗಿ ಕೊಯ್ದವನು, ತುಂಬು ಆಯಸ್ಸಿನ ಸಾವು. ಪದ್ಧತಿ ನಿನಗೆ ಗೊತ್ತಲ್ಲ, ಹೊಸ ಮನೆ ಸೇರಿ ಮರೆತಿದ್ದರೆ ನೆನಪಿಸುತ್ತೇನೆ: ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಎದುರುಮನೆಯವರು ಅನ್ನ, ಬೇಳೆಸಾರು ಮಾಡಿ ಹೊತ್ತುಕೊಂಡು ಹೋಗಬೇಕು. ಆ ಸಾರಿಗೆ ಅರಿಶಿನ ಹಾಕಬಾರದು. ಒಗ್ಗರಣೆಯನ್ನಂತೂ ಕೊಡಲೇಬಾರದು. ಹೆಣ ಎತ್ತುವವರೆಗೆ ಆ ಬೀದಿಯಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳಕೂಡದು. ಅಕ್ಕ ಹಾಗೇ ಒಂದು ಮಡಕೆ ಸಾರು ಮಾಡಿ ಜಗಲಿಯ ಮೇಲಿಟ್ಟು, ಅಳುವವರನ್ನು ಸಮಾಧಾನ ಮಾಡಲು ಎದುರುಮನೆಗೆ ಹೋಗಿದ್ದಳು.

ಆಗ ಬಂತು ನೋಡು ಕಾರು, ನಮ್ಮ ಓಣಿಯ ಅಗಲದಷ್ಟು. ಕನ್ನಡಕದ ಹುಡುಗಿಯೊಬ್ಬಳು ಇಳಿದಳು, ಹೆಸರು ಶೈಲಾ. ಹಿಂದೆ ಜುಟ್ಟು ಕಟ್ಟಿದ ಕ್ಯಾಮೆರಾದವನು. ಶೆಫ್ ವರ್ಧನ್ ಗಾಜು ಏರಿಸಿಕೊಂಡು ಎಸಿಯಲ್ಲೇ ಕೂತಿದ್ದ. ಜಗಲಿಗೆ ಬೂಟು ಹಾಕಿಕೊಂಡೇ ಹತ್ತಿದರು.

"ಅಂಕಲ್, ಸಕ್ಕತ್ ಸ್ಮೆಲ್ಲು! ಇದು ನಿಮ್ಮೂರ ಸ್ಪೆಷಲ್ಲಾ?" ಅಂದಳು ಮಡಕೆಯ ಮುಚ್ಚಳ ತೆಗೆದು. ನಾನು ಬಾಯಿ ತೆರೆಯುವಷ್ಟರಲ್ಲಿ ಸೌಟು ಅದ್ದಿ ನೆಕ್ಕಿಯೂ ಆಯಿತು. "ಅಯ್ಯೋ, ಅರಿಶಿನ ಇಲ್ಲ, ಒಗ್ಗರಣೆ ಇಲ್ಲ, ಆಯಿಲ್ಲೇ ಇಲ್ಲ! ಸಾರ್, ಬೇಗ ಬನ್ನಿ, ಎಷ್ಟು ಪ್ಯೂರು!"

ಆಗ ಇಳಿದ ನೋಡು ಶೆಫ್ಫು, ಸಗಣಿಯ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದುಕೊಂಡು. ಸಾರನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಬಗ್ಗಿಸಿಕೊಂಡರು. ಎಣ್ಣೆಯಿಲ್ಲದ ಸಾರು ಎಂದು ಕುಣಿದವರು, ಹೊಳಪು ಬರಲಿ ಎಂದು ಬ್ರಷ್ಷಿನಲ್ಲಿ ಎಣ್ಣೆ ಸವರಿದರು. ಹಬೆ ಕಾಣಲಿ ಎಂದು ಬಟ್ಟಲಿನ ಹಿಂದೆ ಊದುಬತ್ತಿ ಹಚ್ಚಿಟ್ಟರು. ಎದುರಿಗೆ ದಾಸಪ್ಪ ತಾತನ ತಲೆಯ ಹತ್ತಿರ ಒಂದು ಊದುಬತ್ತಿ, ಇಲ್ಲಿ ಅವನ ಸಾರಿನ ಹಿಂದೆ ಇನ್ನೊಂದು. ಪತ್ರಿಕೆಗೆ 'ಹಬೆ' ಅಂತ ಹೆಸರು, ಹಬೆಯೇ ಸುಳ್ಳು!

ಅದನ್ನಾದರೂ ಸಹಿಸಿದೆ. ಫೋಟೋ ಮುಗಿದ ಮೇಲೆ ಆ ಜುಟ್ಟಿನವನು ಬಟ್ಟಲಿನ ಸಾರನ್ನು ಸೊಯ್ಯನೆ ಚರಂಡಿಗೆ ಚೆಲ್ಲಿದ. ಅಳುತ್ತ ಕೂತವರ ಎಲೆಗೆ ಹೋಗಬೇಕಾದ ಸಾರು, ಶ್ಯಾಮಲಾ. ಹಸಿದ ಮನೆಯ ಎದುರಿಗೇ ಚೆಲ್ಲಿದ.

"ಅಂಕಲ್, ಇದನ್ನ ಯಾವಾಗ ಮಾಡ್ತೀರಾ?" ಅಂದಳು ಹುಡುಗಿ, ಪೆನ್ನು ತೆಗೆದು.

ನಾನು ಮೀಸೆ ತಿರುವಿದೆ. "ಶುಭಕಾರ್ಯಕ್ಕೆ ಕಣಮ್ಮ. ಮದ್ವೆ, ಸೀಮಂತ, ಗೃಹಪ್ರವೇಶ. ಪಾಳೇಗಾರ್ರ ಕಾಲದಿಂದ ಬಂದೈತೆ. ಬಸ್ರಿ ಎಂಗ್ಸಿಗೆ ಈ ಸಾರು ಬಡಿಸ್ದಿದ್ರೆ ಸೀಮಂತನೇ ಆಗಾಕಿಲ್ಲ." ಅಷ್ಟನ್ನೂ ಗೀಚಿಕೊಂಡಳು. ಮಡಕೆಯ ಪಕ್ಕ ನಿಲ್ಲಿಸಿ ನನ್ನ ಫೋಟೋ ತೆಗೆದು, ಥ್ಯಾಂಕ್ಯೂ ಹೇಳಿ ಹೋದರು. ಊರಿಗೆ ಊರೇ ಓದಿ ನಗಲಿ ಆ ಕರ್ಚೀಫಿನವನನ್ನು! ಇಂಥ ಏಟು ಕೊಡಲು ನಮ್ಮ ಸೀಮೆಯಲ್ಲಿ ಇನ್ಯಾರಿಗೆ ಬರುತ್ತದೆ ಹೇಳು.

ನಿಮ್ಮ ಅತ್ತೆಗೆ ಹೇಳು: ಸಪ್ಪೆಯೋ ಖಾರವೋ, ಮನೆಯದನ್ನೇ ಉಣ್ಣಲಿ.

ಇಂತಿ, ಈ ಸೀಮೆಗೇ ಬುದ್ಧಿವಂತನಾದ
ನಲ್ಲಪ್ಪ


ಟಿ. ದಾಸರಹಳ್ಳಿ
3 ಜುಲೈ 2006

ಮಾವ,

ನಿನ್ನ ಕಾಗದ ಬರುವುದಕ್ಕೆ ಮೊದಲೇ ಅತ್ತೆ ಆ ಪತ್ರಿಕೆ ತಂದುಬಿಟ್ಟಿದ್ದರು. ಪುಟ ತಿರುವುತ್ತ ಕೂತವರು ಇದ್ದಕ್ಕಿದ್ದಂತೆ ಕೂಗಿದರು: "ಶ್ಯಾಮೂ, ಇಲ್ಲಿ ನೋಡ ಬಾ! ಪಟ್ಟಂದೂರು ಅಗ್ರಹಾರ ಅಂತ ಐತಿ. ಇವ್ರು ನಿಮ್ಮ ಮಾವ ಅಲ್ಲೇನು?"

ನೀನೇ. ಮೀಸೆ ತಿರುವಿಕೊಂಡು ನಿಂತಿದ್ದೀಯ. ಕೆಳಗೆ 'ಗ್ರಾಮದ ಹಿರಿಯ ಪಾಕತಜ್ಞ ಶ್ರೀ ನಲ್ಲಪ್ಪ' ಎಂದು ಅಚ್ಚಾಗಿದೆ. ಪಕ್ಕದಲ್ಲಿ 'ಪಾಳೇಗಾರರ ಮಂಗಳಸಾರು: ಗರ್ಭಿಣಿಯರಿಗೆ ಅಜ್ಜಿಯರ ಆಶೀರ್ವಾದ.'

ನಿನಗೆ ನಗು ಬರುತ್ತಿರಬಹುದು. ನನಗೆ ಬರಲಿಲ್ಲ. ಅತ್ತೆ ಆ ಪುಟವನ್ನು ಓಣಿಯ ಪ್ರತಿ ಮನೆಗೂ ಹಿಡಿದುಕೊಂಡು ಹೋಗಿ "ನಮ್ಮ ಸೊಸಿ ತವರಮನಿ ನೋಡ್ರಿ, ಪುಸ್ತಕದಾಗ ಬಂದೈತಿ" ಎಂದು ತೋರಿಸಿದ್ದಾರೆ. ಹೇಳದೆ ಕೇಳದೆ ಓಡಿಬಂದವಳು ಎಂದು ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ ಹೆಂಗಸರು ಈಗ ಕರೆದು ಮಾತಾಡಿಸುತ್ತಾರೆ.

ಮುಂದೆ ಕೇಳು. ಏಳನೇ ತಿಂಗಳಿಗೆ ನನಗೆ ಕುಬಸ ಮಾಡುತ್ತಾರಂತೆ, ಶ್ರಾವಣದ ಕೊನೆಯ ಸೋಮವಾರ. ನಮ್ಮಲ್ಲಿನ ಸೀಮಂತದ ಹಾಗೆ. ಅವತ್ತು ಅಡುಗೆಯೆಲ್ಲ ಅವರ ಕಡೆಯದು. ಒಂದು ಮಾತ್ರ ನಮ್ಮೂರಿನದು. ಈ ಸಾರು. ಅತ್ತೆಯ ಕಡೆ ಸಾವಿನ ಮನೆಗೆ ಇಂಥ ನಿಯಮವಿಲ್ಲ, ಅವರಿಗೆ ಇದು ಹೇಗೆ ಗೊತ್ತಾಗಬೇಕು? ಬಸಲಿಂಗನ ಕೈಲಿ ಅಮ್ಮನಿಗೂ ಕರೆ ಕಳಿಸುತ್ತಾರಂತೆ.

ಅಮ್ಮ ಬರುವುದೇ ಅನುಮಾನ. ಬಂದಳು ಅಂತಲೇ ಇಟ್ಟುಕೋ. ಬಸುರಿ ಮಗಳ ಎಲೆಗೆ ಸಾವಿನ ಮನೆಯ ಸಾರು ಬೀಳುವುದನ್ನು ಕಂಡರೆ ಏನಂದುಕೊಳ್ಳುತ್ತಾಳೆ? ಬೇಕೆಂದೇ ಕೆಟ್ಟದ್ದು ಬಯಸಿ ಮಾಡಿದ್ದಾರೆ ಎನ್ನುತ್ತಾಳೆ. ಎದ್ದು ಹೋದರೆ ಇನ್ನು ಈ ಜನ್ಮದಲ್ಲಿ ನನ್ನ ಹೊಸ್ತಿಲು ತುಳಿಯುವುದಿಲ್ಲ.

ನೀನೇ ಏನಾದರೂ ಮಾಡು. ಆ ಪತ್ರಿಕೆಗೆ ಬರೆದು, ನಿಜ ಏನೆಂದು ಅಚ್ಚು ಹಾಕಿಸು.

ಶ್ಯಾಮಲಾ


ಪಟ್ಟಂದೂರು ಅಗ್ರಹಾರ
8-7-2006

ಚಿ. ಸೌ. ಶ್ಯಾಮಲಾಳಿಗೆ ಆಶೀರ್ವಾದ.

ಇಷ್ಟಕ್ಕೆಲ್ಲ ಕಣ್ಣೀರೇ? ಡಾಕ್ಟರು ಬೇಳೆ ತಿನ್ನಬೇಡ ಅಂದಿದ್ದಾರೆ ಎಂದುಬಿಡು, ಸಾರಿನ ಕತೆ ಅಲ್ಲಿಗೆ ಮುಗಿಯಿತು. ಇಂಥ ಉಪಾಯ ನನ್ನ ತಲೆಯಲ್ಲಿ ಬುಟ್ಟಿಗಟ್ಟಲೆ ಇದೆ.

ಇರಲಿ. ನಿನ್ನ ಕಾಗದ ಕಂಡ ಮಧ್ಯಾಹ್ನವೇ ವೈಟ್‌ಫೀಲ್ಡಿಗೆ ಹೋಗಿ ಅಂಗಡಿಯಲ್ಲಿದ್ದ 'ಹಬೆ'ಯನ್ನೆಲ್ಲ ಹೊತ್ತು ತಂದೆ. ನಮ್ಮೂರಿನವರ ಕಣ್ಣಿಗೆ ಬೀಳದಿರಲಿ ಎಂದು. ಮರುದಿನ ಅಂಗಡಿಯವನು ಇನ್ನೊಂದು ಕಟ್ಟು ತರಿಸಿದ್ದ. ಅದನ್ನೂ ತಂದೆ. ಊರಿನವರು ಶೆಫ್ಫನನ್ನು ನೋಡಿ ನಗಲಿ ಎಂದು ಬರೆದವನು ನಾನೇ. ಆದರೆ ಪುಟದಲ್ಲಿ ಅವನ ಮುಖವಿಲ್ಲ, ನನ್ನ ಮುಖವಿದೆ. ಫೋಟೋ ಚೆನ್ನಾಗಿ ಬಂದಿದೆ, ಅದು ಬೇರೆ ಮಾತು. ಮೀಸೆಯ ಎಡಗಡೆ ವಿಶೇಷವಾಗಿ.

ತಂದದ್ದಕ್ಕೆ ಮೊದಲಿನಿಂದ ಕೊನೆಯವರೆಗೆ ಓದಿದೆ. ನೀನು ಕೇಳಿದ್ದೆಯಲ್ಲ, ಕೊಳ್ಳಬಹುದಾ ಅಂತ. ಓದಿ ಹೇಳುತ್ತಿದ್ದೇನೆ. ಥೂ. ಪುಟ ತೆರೆದರೆ ಸೀಮೆಎಣ್ಣೆಯ ವಾಸನೆ. ಫ್ರಿಜ್ಜಿನ ಜಾಹೀರಾತು, ಬಚ್ಚಲು ಕಲ್ಲಿನ ಜಾಹೀರಾತು, ಅವುಗಳ ಸಂದಿಯಲ್ಲಿ ಹುಡುಕಿದರೆ ಎಲ್ಲೋ ಒಂದು ಅಡುಗೆ. ಎಲ್ಲಿ ನೋಡಿದರೂ ಶೆಫ್ಫನ ಮೂತಿ. ಕರಿಬೇವು ತೊಳೆಯುವ ಶೆಫ್ಫು, ಈರುಳ್ಳಿಯನ್ನು ಕೂಸಿನ ಹಾಗೆ ಎತ್ತಿಕೊಂಡ ಶೆಫ್ಫು, ಬದನೆಕಾಯಿಗೆ ಮುತ್ತು ಕೊಡುವ ಶೆಫ್ಫು. ಬದನೆಕಾಯಿಯ ಮುಖದಲ್ಲೂ ಹೇಸಿಗೆ ಕಾಣಿಸಿತು ನನಗೆ. ಮುದ್ದೆಯನ್ನು ಗೋಲಿಯಷ್ಟು ಉರುಟಿ ಮೇಲೆ ಚೀಸು ತುರಿದು 'ರಾಗಿ ಮುತ್ತು' ಅಂತ ಹೆಸರಿಟ್ಟಿದ್ದಾನೆ. ಅದನ್ನು ತಿಂದು ಗದ್ದೆಗೆ ಇಳಿದರೆ ಬದುವಿನ ಮೇಲೇ ಮಲಗಬೇಕಾಗುತ್ತದೆ. ಸೊಪ್ಪಿನ ಸಾರು ಅಂತೆ, ತಟ್ಟೆಯ ನಡುವೆ ಎರಡು ಎಲೆ, ಸುತ್ತ ಹಸಿರು ನೀರಿನ ಗೀಟು. ಮಗು ಉಚ್ಚೆ ಹೊಯ್ದ ಹಾಗೆ. ಎಲ್ಲದರ ಕೊನೆಗೂ 'ಉಪ್ಪು ರುಚಿಗೆ ತಕ್ಕಷ್ಟು'. ಅಯ್ಯಾ, ಎಷ್ಟು ತಕ್ಕದ್ದು ಅಂತ ಗೊತ್ತಿದ್ದರೆ ನಿನ್ನ ಪುಸ್ತಕ ಯಾಕೆ ಕೊಳ್ಳುತ್ತಿದ್ದರು?

ಕಟ್ಟುಗಳನ್ನು ಕೋಳಿಗೂಡಿನೊಳಗೆ ಹಾಸಿದ್ದೇನೆ. ನುಣುಪು ಕಾಗದ, ಕೋಳಿಗಳು ಜಾರಿ ಬಿದ್ದು ನನ್ನನ್ನೇ ಗುರಾಯಿಸುತ್ತವೆ.

ಪತ್ರಿಕೆಗೂ ಬರೆದೆ, ಚಿಂತೆ ಮಾಡಬೇಡ. ನಕಲು ಇಟ್ಟುಕೊಂಡಿದ್ದೇನೆ, ನೋಡು: 'ಸ್ವಾಮಿ, ನಿಮ್ಮ ಸಾರಿನ ಪುಟ ನೋಡಿ ನಮ್ಮೂರಿನವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಸಾವಿನ ಮನೆಗೆ ಹೊರುವ ಸಾರನ್ನು ಬಸುರಿಗೆ ಬಡಿಸಿ ಎನ್ನುವ ಧೈರ್ಯ ನಿಮಗಲ್ಲದೆ ಇನ್ಯಾರಿಗೆ ಬಂದೀತು? ನಾನು ಹೇಳಿದ್ದೇ ಬೇರೆ, ನೀವು ಬರೆದುಕೊಂಡದ್ದೇ ಬೇರೆ.' ಹೇಗಿದೆ? ಓದಿದವರಿಗೆ ಮೈ ಉರಿಯಬೇಕು.

ಮೀಸೆ ಇಳಿಸದ
ನಲ್ಲಪ್ಪ ಮಾವ


'ಹಬೆ' ಮಾಸಪತ್ರಿಕೆ ಕಚೇರಿ
ಬೆಂಗಳೂರು
24 ಜುಲೈ 2006

ಶ್ರೀ ನಲ್ಲಪ್ಪನವರಿಗೆ ಗೌರವಪೂರ್ವಕ ವಂದನೆಗಳು.

ತಮ್ಮ ಮೆಚ್ಚುಗೆಯ ಪತ್ರವು ಆಗಸ್ಟ್ ಸಂಚಿಕೆಯ 'ತಿಂಗಳ ಅತ್ಯುತ್ತಮ ಓಲೆ'ಯಾಗಿ ಆಯ್ಕೆಯಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಸ್ಥಳಾಭಾವದಿಂದ ಕೊಂಚ ಸಂಕ್ಷೇಪಿಸಿದ್ದೇವೆ. ಬಹುಮಾನವಾಗಿ ನಾನ್‌ಸ್ಟಿಕ್ ತವೆಯೊಂದನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು. ತಮ್ಮ ಪ್ರದೇಶದಲ್ಲಿ ಪತ್ರಿಕೆಗೆ ಸಿಗುತ್ತಿರುವ ಅಭೂತಪೂರ್ವ ಸ್ವಾಗತವನ್ನು ಕಂಡು ಶೆಫ್ ವರ್ಧನ್ ಅವರು ಭಾವುಕರಾಗಿದ್ದಾರೆ.

ತಮ್ಮ ವಿಶ್ವಾಸಿ,
ಶೈಲಾ, ಉಪಸಂಪಾದಕಿ


ಟಿ. ದಾಸರಹಳ್ಳಿ
7 ಆಗಸ್ಟ್ 2006

ಮಾವ,

ಆಗಸ್ಟ್ ಸಂಚಿಕೆ ಬಂತು. ನಿನ್ನ ಓಲೆ ಹೀಗಿದೆ: 'ನಿಮ್ಮ ಸಾರಿನ ಪುಟ ನೋಡಿ ನಮ್ಮೂರಿನವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು... ಧೈರ್ಯ ನಿಮಗಲ್ಲದೆ ಇನ್ಯಾರಿಗೆ ಬಂದೀತು!' ಅತ್ತೆ ಎರಡು ಸಲ ಓದಿಸಿ ಕೇಳಿದರು. "ಊರ ಮಂದಿನೇ ಒಪ್ಪ್ಯಾರ ಅಂದಮ್ಯಾಲ ಮುಗೀತು" ಅಂದರು.

'ಇದು ಸೀಮಂತದ ಸಾರು ಎಂದವನು ನಾನೇ, ಸುಳ್ಳು ಹೇಳಿದೆ' ಎಂದು ಒಂದೇ ಒಂದು ಮಾತು ಬರೆದಿದ್ದರೆ ಅವರು ಹೀಗೆ ಕತ್ತರಿಸಲು ಆಗುತ್ತಿರಲಿಲ್ಲ. ನೀನು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ.

ನಿನ್ನ ಡಾಕ್ಟರ ಉಪಾಯವೂ ಕೆಟ್ಟಿತು. ಅತ್ತೆ ನನ್ನ ಜೊತೆಗೇ ಬಂದು ಕೇಳಿದರು. ದಿನಾ ಬೇಳೆ ತಿನ್ನಿಸಿ ಅಂದರು ಡಾಕ್ಟರು.

ಮೊನ್ನೆ ಧೈರ್ಯ ಮಾಡಿ ನಾನೇ ಅತ್ತೆಗೆ ಹೇಳಲು ಹೋದೆ. ರೊಟ್ಟಿ ಬಡಿಯುತ್ತಿದ್ದರು. "ಅತ್ತೆ, ಆ ಸಾರು ಬೇಡ" ಅಂದೆ. ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನನ್ನ ಕುಬಸಕ್ಕ ತವರಿನಿಂದ ಒಂದು ನರಪಿಳ್ಳೆ ಬಂದಿರಲಿಲ್ಲವ್ವಾ. ತವರಿನ ತುತ್ತು ಬಾಯಿಗಿ ಬೀಳಲಿಲ್ಲ. ನಿಮ್ಮವ್ವ ಬರ್ತಾರೋ ಬಿಡ್ತಾರೋ, ಆ ಸಾರಾದ್ರೂ ನಿನ್ನ ಎಲಿಗೆ ಬೀಳಲಿ" ಅಂದರು. ಇದಾದ ಮೇಲೆ ನನ್ನ ಬಾಯಿಂದ ಹೇಗೆ ಮಾತು ಬರಬೇಕು? ನನ್ನ ಮಾವ ನಿಮಗೆ ಉಣ್ಣಿಸಿದ್ದು ಸುಳ್ಳು ಎಂದು ಹೇಳಲೇ?

ನಿನ್ನೆ ಬಸಲಿಂಗ ಅಕ್ಕಿ, ಅರಿಶಿನ-ಕುಂಕುಮ ಹಿಡಿದು ಅಮ್ಮನನ್ನು ಕರೆಯಲು ಹೋಗಿದ್ದ. ಅಮ್ಮ ಬೈಯಲಿಲ್ಲವಂತೆ. ನೀರು ಕೊಟ್ಟು, "ನೋಡನ" ಅಂದಳಂತೆ. ಮಾವ, ಅಮ್ಮ 'ನೋಡನ' ಅಂದರೆ ಬರುತ್ತಾಳೆ ಅಂತ ಅರ್ಥ. ಅವಳು ಬರಲಿ ಎಂದು ಇಷ್ಟು ತಿಂಗಳು ಕಾದವಳು ನಾನು. ಈಗ ಬಂದುಬಿಟ್ಟರೆ ಏನು ಗತಿ ಎಂದು ಹೆದರುತ್ತಿದ್ದೇನೆ.

ಶ್ಯಾಮಲಾ


ಪಟ್ಟಂದೂರು ಅಗ್ರಹಾರ
12-8-2006

ಶ್ಯಾಮಲಾ,

ಅಕ್ಕನಿಗೆ ಹೇಳಿದೆ.

ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಹೇಳುತ್ತ ಹೋದೆ, ಅವಳು ಜಾಲಿಸುತ್ತ ಹೋದಳು. ಎಲ್ಲ ಮುಗಿದ ಮೇಲೆ ಸಾರಿನ ಮಾತೇ ಎತ್ತಲಿಲ್ಲ. "ಅವ್ಳು ಯಾವಾಗ್ನಿಂದ ನಿಂಗೆ ಕಾಗ್ದ ಬರೀತಾವ್ಳೆ?" ಅಂದಳು. ಹೇಳಿದೆ. "ತಗಂಬಾ. ಓದು."

ಓದಿದೆ. ನಿನ್ನವೆಲ್ಲವನ್ನೂ ಓದಿದೆ. ಫೋನ್ ಇಟ್ಟುಬಿಡುತ್ತಾಳೆ ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಜರಡಿ ನಿಂತಿತು. ಇನ್ನೊಂದು ಸಲ ಓದು ಅಂದಳು. ಇನ್ನೊಂದು ಸಲ ಓದಿದೆ.

ಆಮೇಲೆ ಪುಸ್ತಕ ತೋರಿಸು ಅಂದಳು. ಕೋಳಿಗೂಡಿನಿಂದ ಇದ್ದುದರಲ್ಲಿ ಚೊಕ್ಕವಾದದ್ದನ್ನು ತಂದು ಕೊಟ್ಟೆ. ಫೋಟೋದಲ್ಲಿನ ಮಡಕೆಯ ಮೇಲೆ ಬೆರಳಿಟ್ಟು ನೋಡಿದಳು. "ಮಡ್ಕೆ ನಂದು. ಸಾರು ನಾನು ಮಾಡಿದ್ದು. ನಿನ್ ಮೂತಿ ಕೆಳ್ಗೆ ಏನಂತ ಬರ್ದವ್ರೆ?"

"ಪಾಕತಜ್ಞ" ಅಂದೆ.

"ಥೂ" ಅಂದಳು. ಅಷ್ಟೇ.

ಮೀಸೆಗೆ ಹೋಗಿದ್ದ ಕೈಯನ್ನು ಕೆಳಗಿಳಿಸಿದೆ. ಇದನ್ನು ಕಟ್ಟೆಯ ಮೇಲೆ ಯಾರಿಗೂ ಹೇಳಬೇಡ.

"ಸೋಮ್ವಾರ ನೀನು ಬರ್‌ಬ್ಯಾಡ" ಎಂದಳು ಒಳಗೆ ಹೋಗುತ್ತ. ತಾನು ಹೋಗುತ್ತಾಳೋ ಇಲ್ಲವೋ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಹೆಂಗಸರು ಕೂಗಾಡಿದರೆ ತಡೆದುಕೊಳ್ಳಬಹುದು. ಈ ಮನೆಯಲ್ಲೀಗ ಒಂದು ಲೋಟ ಕೆಳಗಿಟ್ಟರೂ ಸದ್ದಾಗುತ್ತದೆ.

ಮಾವ


ಟಿ. ದಾಸರಹಳ್ಳಿ
23 ಆಗಸ್ಟ್ 2006

ಮಾವ,

ಅಮ್ಮ ಬಂದಳು. ಒಬ್ಬಳೇ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿಕೊಂಡು, ಕಂಕುಳಲ್ಲಿ ಗಂಟು. ಒಳಗೆ ಏನೇನಾಯಿತೆಂದು ನಿನಗೆ ಹೇಳಿರಲಾರಳು, ನಾನೇ ಬರೆಯುತ್ತೇನೆ.

ಬಾಗಿಲಲ್ಲಿ ನಿಂತು ನನ್ನ ಹೊಟ್ಟೆಯನ್ನು ನೋಡಿದಳು, ಮುಖ ನೋಡಲಿಲ್ಲ. ಅತ್ತೆ "ಬರ್ರಿ ಬೀಗರ, ಒಳಗ ಬರ್ರಿ" ಎಂದು ಕೈಹಿಡಿದು ನೇರ ಅಡುಗೆಮನೆಗೇ ಕರೆದುಕೊಂಡು ಹೋದರು. ತೋರಿಸುವ ಆಸೆ ಅವರಿಗೆ. ನಾನು ಹಿಂದೆ ಹೋದೆ.

"ನೋಡ್ರಿ, ನಿಮ್ಮೂರ ಸಾರು. ಅರಿಶಿಣ ಇಲ್ಲ, ಒಗ್ಗರಣಿ ಇಲ್ಲ. ಪುಸ್ತಕದಾಗ ಹ್ಯಾಂಗೈತಿ ಹಾಂಗ ಮಾಡೀನಿ. ತಪ್ಪಿದ್ರ ಹೇಳ್ರಿ ಮತ್ತ."

ಅಮ್ಮ ಮುಚ್ಚಳ ತೆಗೆದು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಹೊರಗೆ ಹೆಂಗಸರು ಸೋಬಾನೆ ಹೇಳುತ್ತಿದ್ದರು. ಅಮ್ಮ ಈಗ ತಿರುಗುತ್ತಾಳೆ, ಈಗ ಹೊರಟುಹೋಗುತ್ತಾಳೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ಚೆಂದಾಗಿ ಮಾಡಿದ್ದೀರ ಕಣಮ್ಮ" ಅಂದಳು ಅಮ್ಮ. "ಆದ್ರೆ ಪುಸ್ತಕ್ದೋರು ಅರ್ಧ ಬರ್ದವ್ರೆ. ನಮ್ ಕಡೆ ಗಂಡಿನ ತಾಯಿ ಸಾರು ಕುದಿಸ್ತಾಳೆ. ಅರಿಶಿನ ಒಗ್ಗರಣೆ ಎಣ್ಣಿನ ತಾಯಿ ಬಂದು ಆಕ್ಬೇಕು. ಅಲ್ಲೀಗಂಟ ಅದು ಮುಗ್ದಂಗಲ್ಲ."

ಮಾವ, ಅಮ್ಮ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಷ್ಟು ಚೆನ್ನಾಗಿ ಹೇಳುತ್ತಾಳೆಂದು ಗೊತ್ತೂ ಇರಲಿಲ್ಲ. ನಿನ್ನ ಅಕ್ಕನಲ್ಲವೇ.

ಅತ್ತೆಯ ಮುಖ ಅರಳಿತು. "ಹಂಗೇನು! ಅದಕ್ಕ ಅನ್ನಾಕ್ಹತ್ತಿದ್ದೆ, ಒಗ್ಗರಣಿ ಇಲ್ದ ಸಾರು ಹ್ಯಾಂಗ ಅಂತ" ಎಂದು ತಾವೇ ಒಗ್ಗರಣೆ ಸೌಟು ತೊಳೆದು ಕೊಟ್ಟರು.

ಅಮ್ಮ ಗಂಟು ಬಿಚ್ಚಿದಳು. ಹಸಿರು ಸೀರೆ, ಬಳೆ, ಮಡಿಲಕ್ಕಿಯ ನಡುವೆ ಒಂದು ಡಬ್ಬಿ. ಅರಿಶಿನ, ಸಾಸಿವೆ, ನಮ್ಮ ಹಿತ್ತಲಿನ ಕರಿಬೇವು. ಎಲ್ಲ ಮನೆಯಿಂದಲೇ ತಂದಿದ್ದಳು. ಸಾರಿಗೆ ಅರಿಶಿನ ಉದುರಿಸಿ, ಬೆರಳಿಗೆ ಉಳಿದದ್ದನ್ನು ನನ್ನ ಎರಡೂ ಕೆನ್ನೆಗೆ ಸವರಿದಳು. ಎಣ್ಣೆ ಕಾಯಿತು. ಸಾಸಿವೆ ಹಾಕಿದಳು. ಸಿಡಿಯಿತು, ಮಾವ. ಆ ಸದ್ದಿಗೆ ನನಗೆ ತಡೆಯಲಾಗಲಿಲ್ಲ. ಒಗ್ಗರಣೆಯ ಘಾಟಿಗೆ ಕಣ್ಣೀರು ಎಂದುಕೊಂಡು ಅತ್ತೆ ನನ್ನನ್ನು ಕಿಟಕಿಯ ಹತ್ತಿರ ಕೂರಿಸಿದರು.

ಅಮ್ಮ ಅಂಗೈಗೆ ಒಂದಿಷ್ಟು ಸಾರು ಬಿಟ್ಟುಕೊಂಡು ನನ್ನ ಬಾಯಿಯ ಹತ್ತಿರ ಹಿಡಿದಳು.

"ಉಪ್ಪು ಸರಿಗೈತಾ ನೋಡು" ಅಂದಳು.

ಮದುವೆಯಾದ ಮೇಲೆ ನನ್ನೊಂದಿಗೆ ಅಮ್ಮ ಆಡಿದ ಮೊದಲ ಮಾತು ಅದು. ಉಪ್ಪು ಸ್ವಲ್ಪ ಕಡಿಮೆ ಇತ್ತು. ಸರಿಯಾಗಿದೆ ಅಂದೆ.

ಶ್ಯಾಮಲಾ


ಪಟ್ಟಂದೂರು ಅಗ್ರಹಾರ
25-9-2006

ಚಿ. ಸೌ. ಶ್ಯಾಮಲಾಳಿಗೆ ಮಾವನ ತುಂಬು ಆಶೀರ್ವಾದ.

ಬಹುಮಾನದ ತವೆ ಬಂತು. ಅಕ್ಕ ಅದರಲ್ಲಿ ಕೋಳಿಗಳಿಗೆ ನೀರಿಡುತ್ತಾಳೆ. ಏನೂ ಅಂಟುವುದಿಲ್ಲ ಎಂಬುದು ಮಾತ್ರ ನಿಜ, ಕೋಳಿಗಳೂ ಅದಕ್ಕೆ ಅಂಟಿಕೊಳ್ಳುತ್ತಿಲ್ಲ.

ಗಣೇಶನ ಹಬ್ಬ ಮುಗಿದ ಮೇಲೆ ಆ ಪತ್ರಿಕೆಯವರು ಮತ್ತೆ ಬಂದರು! ಇಡೀ ಬೆಂಗಳೂರಿನಲ್ಲೇ ನಮ್ಮ ವೈಟ್‌ಫೀಲ್ಡ್ ಕಡೆ ಪತ್ರಿಕೆ ಹೆಚ್ಚು ಖರ್ಚಾಗುತ್ತಿದೆಯಂತೆ, ಓದುಗರ ಋಣ ತೀರಿಸಬೇಕಂತೆ. ಆ ಓದುಗರು ಕೊಕ್ಕೊಕ್ಕೋ ಎನ್ನುತ್ತ ಹಿತ್ತಲಲ್ಲೇ ಓಡಾಡುತ್ತಿದ್ದರು. ನಾನು ಮೀಸೆಗೆ ಕೈ ಹಾಕುವಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು.

"ಬೂಟು ಬಿಚ್ಚಿ. ಕೈ ತೊಳ್ಕಳಿ. ಕೂತ್ಕಳಿ."

"ಅಮ್ಮ, ಮೊದ್ಲು ಒಂದು ಫೋಟೋ..." ಅಂದಳು ಶೈಲಾ.

"ಮೊದ್ಲು ಉಣ್ಣಿ."

ಮೂವರನ್ನೂ ನೆಲಕ್ಕೆ ಕೂರಿಸಿದಳು, ಕರ್ಚೀಫಿನವನನ್ನೂ ಸೇರಿಸಿ. ಬಾಳೆಯೆಲೆಯ ಮೇಲೆ ಮುದ್ದೆ, ಬಸ್ಸಾರು. ಶೆಫ್ಫು ಮುದ್ದೆಯನ್ನು ಬಾಯಿಗಿಟ್ಟು ಹಸುವಿನ ಹಾಗೆ ಅಗಿಯುತ್ತ ಕೂತ. "ಅಗೀಬ್ಯಾಡ ಕಣಪ್ಪ, ನುಂಗು" ಅಂದಳು ಅಕ್ಕ. ಅವನಿಗೆ ಬಿಕ್ಕಳಿಕೆ ಬಂತು. ಜುಟ್ಟಿನವನಂತೂ ಇನ್ನೊಂದು ಮುದ್ದೆ ಹಾಕಿಸಿಕೊಂಡು, ಬೆರಳು ನೆಕ್ಕಿದ. ಎಲೆಯಲ್ಲಿ ಒಂದಗುಳು ಬಿಟ್ಟರೆ ಅಕ್ಕ ಅಲ್ಲೇ ಸೌಟು ಹಿಡಿದು ನಿಲ್ಲುತ್ತಾಳಲ್ಲ, ನಿನಗೇ ಗೊತ್ತು. ಮೂರು ಎಲೆಯೂ ಬೋಳಾದ ಮೇಲೆ ಕೈ ಒರೆಸಿಕೊಂಡು, "ಊಂ, ಈಗ ತಕ್ಕಳಿ ಫೋಟೋನ" ಎಂದಳು. ಏನನ್ನು ತೆಗೆಯಬೇಕು? ಪಾತ್ರೆಯೂ ಖಾಲಿ. ಪಿಂಗಾಣಿ ಬಟ್ಟಲು ಕಾರಿನಲ್ಲೇ ಉಳಿಯಿತು.

ಅಕ್ಟೋಬರ್ ಸಂಚಿಕೆ ನಿನ್ನೆ ಬಂತು. ಇಡೀ ಪುಟಕ್ಕೆ ಆ ಖಾಲಿ ಎಲೆಯ ಫೋಟೋ. ಕೆಳಗೆ ಬರೆದಿದ್ದಾರೆ: 'ಶೂನ್ಯದ ಸೌಂದರ್ಯ. ವಿನ್ಯಾಸ: ಶೆಫ್ ವರ್ಧನ್.' ತಿಂದು ಮುಗಿಸಿದ ಎಂಜಲೆಲೆಗೂ ಹೆಸರು ಹಾಕಿಕೊಂಡ, ನಾಚಿಕೆಗೆಟ್ಟವನು! ನಾನೂ ಅಕ್ಕನ ಮಡಕೆಯ ಪಕ್ಕ ನಿಂತು ಹೆಸರು ಹಾಕಿಸಿಕೊಂಡವನೇ, ಆದರೆ ನನಗೆ ಥೂ ಅನ್ನಲು ಒಬ್ಬ ಅಕ್ಕ ಇದ್ದಾಳೆ. ಆ ಶೆಫ್ಫಿಗೆ ಯಾರಿದ್ದಾರೋ.

ನೀನು ಮೊದಲ ಕಾಗದದಲ್ಲಿ ಕೇಳಿದ್ದಕ್ಕೆ ಇಷ್ಟು ಓದಿದ ಮೇಲೂ ನನ್ನ ಉತ್ತರ ಅದೇ. ಕೊಳ್ಳಬೇಡ. ಈ ಒಂದು ಪುಟವನ್ನು ಮಾತ್ರ ಹರಿದು ಇದರೊಳಗಿಟ್ಟಿದ್ದೇನೆ. ಎಲೆಯ ಬಲಗಡೆ ಮೂಲೆ ನೋಡು, ಸೌಟು ಹಿಡಿದ ಕೈ, ಹಳೆಯ ಗಾಜಿನ ಬಳೆ. ಅವರಿಗೆ ಕತ್ತರಿಸಲು ಮರೆತುಹೋಗಿದೆ. ಉಳಿದದ್ದು ಕೋಳಿಗೂಡಿಗೆ ಹೋಯಿತು.

ವಿಜಯದಶಮಿ ಕಳೆದ ಮೇಲೆ ಬಾಣಂತನಕ್ಕೆ ನಿನ್ನನ್ನು ಕರೆತರಲು ಅಕ್ಕ ತಾನೇ ಬರುತ್ತಾಳಂತೆ. ಬಸಲಿಂಗ ಇದ್ದ ರೂಮಿಗೆ ಸುಣ್ಣ ಹೊಡೆಸುತ್ತಿದ್ದಾಳೆ, ಕೇಳಿದರೆ "ಅಳಿಯ ಬಂದ್ರೆ ಎಲ್ಲಿ ಮಲಗ್ಬೇಕು?" ಅನ್ನುತ್ತಾಳೆ. ನಿಮ್ಮ ಅತ್ತೆ ಚನ್ನಕ್ಕನವರಿಗೂ ಬರಹೇಳಿದ್ದಾಳೆ. ಖಾರ ಅವರು ತರಲಿ, ಉಪ್ಪು ನಮ್ಮದು.

ಇನ್ನು ನನಗೆ ಕಾಗದ ಬರೆಯಬೇಡ. ಮರೆಪ್ಪನಿಗೆ ಅರಳಿಕಟ್ಟೆಗೆ ಬರುವ ಕೆಲಸ ತಪ್ಪಲಿ. ಮನೆಗೆ ಫೋನ್ ಮಾಡು, ಅಕ್ಕನೇ ಎತ್ತುತ್ತಾಳೆ. ಈಗೆಲ್ಲ ಸಂಜೆಯಾದರೆ ಫೋನಿನ ಪಕ್ಕದಲ್ಲೇ ಕೂತು ರಾಗಿ ಆರಿಸುತ್ತಾಳೆ. ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.

ಇಂತಿ, ಅಚ್ಚಿನಲ್ಲಿ ಮಾತ್ರ ಪಾಕತಜ್ಞನಾದ
ನಿನ್ನ ನಲ್ಲಪ್ಪ ಮಾವ